ಅನಸವ್ವನ ಖುರ್ಚಿಗೆ ಬಂದ ಆಶೀರ್ವಾದ

ಬನಹಟ್ಟಿಯ ಸ್ನೇಹಸಿಂಚನ ಸೇವಾ ಬಳಗವು ಹುಟ್ಟಿದಂದಿನಿಂದ ಇಂದಿನವರೆಗೆ ಯಾರಿಗೂ ಯಾವ ತೊಂದರೆಯನ್ನೂ ಕೊಟ್ಟಿಲ್ಲವೆಂಬುದು ಸರ್ವರೂ ಒಪ್ಪಿದ ಸಂಗತಿ. ತಿಂಗಳಿಗೊಮ್ಮೆ ಸಭೆ ಸೇರುವುದು, ಹಿಂದಿನ ಸಭೆ ಸೇರಿತ್ತೆಂಬುದನ್ನು ದೃಢಪಡಿಸುವುದು, ಮುಂದಿನ ಸಭೆ ಸೇರತಕ್ಕದ್ದೆಂದು ಠರಾವು ಪಾಸು ಮಾಡುವುದು, ನಡುನಡುವೆ ಮಂಡಕ್ಕಿಯ ಗಿರಮಿಟ್ಟು ತಿಂದು ಚಹಾ ಕುಡಿಯುವುದು. ಇಷ್ಟರಲ್ಲಿ ಬಳಗದ ಸೇವೆ ಸುಸೂತ್ರವಾಗಿ ಸಾಗಿತ್ತು. ಇಂಥ ಬಳಗದ ಕಾರ್ಯದರ್ಶಿಯಾದ ಮಲ್ಲಿನಾಥ ಒಂದು ಸಂಜೆ ಬಾಯಿ ತಪ್ಪಿ, ಒಬ್ಬರಿಗೆ ನಿಜವಾಗಿಯೂ ಸಹಾಯ ಮಾಡುತ್ತೇನೆಂದು ಮಾತು ಕೊಟ್ಟುಬಿಟ್ಟ.

ಮಲ್ಲಿನಾಥನಿಗೆ ಮನೆಯ ಹಿಂದೆ ಪವರ್‌ಲೂಮುಗಳಿದ್ದವು, ಒಳಗೆ ಮೆತ್ತನೆಯ ಮನಸ್ಸಿತ್ತು, ಬಾಯಲ್ಲಿ ಇಲ್ಲವೆನ್ನಲು ಬಾರದ ನಾಲಿಗೆಯಿತ್ತು. ಮೊದಲನೆಯದು ಗಳಿಸಿದ್ದನ್ನು ಉಳಿದೆರಡು ಕಳೆಯುತ್ತವೆಂದು ಅವನ ಹೆಂಡತಿ ಸ್ನೇಹಾ ಹೇಳುತ್ತಿದ್ದಳು. ಅವನು ಮಾತು ಕೊಟ್ಟದ್ದು ಎದುರುಮನೆಯ ಅನಸವ್ವನಿಗೆ. ಆಯುಷ್ಯವೆಲ್ಲ ರಾಟಿಯ ಮುಂದೆ ಕೂತು ಮಗ್ಗಕ್ಕೆ ನೂಲಿನ ಕಂಡಿಕಿ ಸುತ್ತಿ ಕೊಟ್ಟ ಈ ಮುದುಕಿ ಚಳಿಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಇನ್ನು ಕಾಲೂರುವುದು ಕನಸಿನ ಮಾತೆಂದು ಡಾಕ್ಟರು ಹೇಳಿದ್ದರು. ಅಂದಿನಿಂದ ಹೊಸ್ತಿಲ ಬಳಿ ಕೌದಿ ಹಾಸಿಕೊಂಡು ಕೂತವಳು ಓಣಿಯ ತುದಿಯಲ್ಲಿ ಹೆಂಗಸರು ಹರಟೆಗೆ ಸೇರುವ ಗುಡಿ ಕಟ್ಟೆಯ ಕಡೆಗೇ ನೋಡುತ್ತಿದ್ದಳು.

"ಕಾಲು ಹೋದ್ರ ಹೋಗಲಿ ಬಿಡೋ ತಮ್ಮಾ, ವಯಸ್ಸಾಗೇತಿ," ಎಂದಿದ್ದಳು ಆ ಸಂಜೆ. "ನನ್ನ ಚಿಂತಿ ಕಟ್ಟೀದು. ಯಾರು ಬಂದಿಲ್ಲೋ ಅವರ ಸುದ್ದಿ ಆಡೂದು ನಮ್ಮ ಕಟ್ಟಿ ಪದ್ಧತಿ. ನಾನಽ ಹಾಕಿಕೊಟ್ಟ ಪದ್ಧತಿ ಅದು. ಈಗ ನಾನಽ ಹೋಗವಲ್ಲೆ. ಚಳಿಗಾಲದಿಂದ ಏನೇನ ಮಾತಾಡಿರಬೇಕು ನನ್ನ ಬಗ್ಗೆ? ಇಲ್ಲಿ ಕುಂತ್ರ ಅವರು ನಗೂದು ಕೇಳತೈತಿ, ಮಾತು ಕೇಳೂದಿಲ್ಲ. ಜೀವಾ ಹೋಗೂದು ಅಲ್ಲೆ."

ಮಲ್ಲಿನಾಥ ಕೌದಿಯ ಅಂಚಿಗೆ ಕೂತ. "ಆಯಿ, ನಿನಗ ಗಾಲಿ ಖುರ್ಚಿ ಕೊಡಸ್ತೇನಿ. ಯಾರನ್ನೂ ಕರೀಬ್ಯಾಡ, ನೀನಽ ಗಾಲಿ ತಿರುವಿಕೋತ ಕಟ್ಟಿಗೆ ಹೋಗು," ಎಂದ. ಅನಸವ್ವ ಅವನ ಗದ್ದ ಹಿಡಿದು ಮುದ್ದಿಟ್ಟಳು. ಅಲ್ಲಿಗೆ ಅವನ ಕಥೆ ಮುಗಿಯಿತು.

ಮುಂದಿನ ಸಭೆಯಲ್ಲಿ ಅವನು ವಿಷಯವಿಟ್ಟ. ಖುರ್ಚಿಯನ್ನು ತಾನೇ ಕೊಂಡು ತರುವುದಾಗಿಯೂ, ಬಳಗ ಸುಮ್ಮನೆ ಬಂದು ಕೊಟ್ಟರೆ ಸಾಕೆಂದೂ ಹೇಳಿದ. ಸಭೆಯಲ್ಲಿ ಗಿರಮಿಟ್ಟು ಅಗಿಯುವ ಸದ್ದು ನಿಂತಿತು. ಅಧ್ಯಕ್ಷ ನೀಲಕಂಠಪ್ಪನವರು, ಪೇಟೆಯ ದೊಡ್ಡ ಸೀರೆ ಅಂಗಡಿಯ ಮಾಲೀಕರು, ಕನ್ನಡಕ ತೆಗೆದು ಕೆಳಗಿಟ್ಟರು.

"ಸ್ವಂತ ಕಿಸೇದಿಂದ?" ಎಂದರು.

"ಹೌದ್ರಿ."

"ಮಲ್ಲಿನಾಥ ಅವರಽ, ನೀವು ಕಾರ್ಯದರ್ಶಿ ಅದೀರಿ. ಹಂಗ ಕೊಟ್ರ ಅದು ಸೇವಾ ಆಗೂದಿಲ್ಲ, ಬರೇ ಉಪಕಾರ ಆಕ್ಕೈತಿ."

ಬಳಗದ ನಿಯಮಾವಳಿಯನ್ನು ಓದಲಾಯಿತು. ಯಾವುದೇ ಸದಸ್ಯನು ಸಂಕಟದಲ್ಲಿರುವವರನ್ನು ಕಂಡು ನೇರವಾಗಿ ಸಹಾಯ ಮಾಡತಕ್ಕದ್ದಲ್ಲ. ಮಾಡಿದಲ್ಲಿ ಸಮಾರಂಭ, ಸ್ವಾಗತ, ಸನ್ಮಾನ ಮತ್ತು ವಂದನಾರ್ಪಣೆಗಳಿಗೆ ಭಂಗ ಬರುವುದರಿಂದ ಅಂಥ ಸದಸ್ಯನ ಮೇಲೆ ಶಿಸ್ತಿನ ಕ್ರಮ ಜರುಗಿಸಲಾಗುವುದು. ಕೊಡುವುದೇನಿದ್ದರೂ ಸಾರ್ವಜನಿಕರಿಂದ ಕೂಡಿಸಿಯೇ ಕೊಡತಕ್ಕದ್ದು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಮಲ್ಲಿನಾಥನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸಭೆಯಲ್ಲಿ ಗಾದೆ ಹೇಳುವುದಾದರೆ ಅದನ್ನು ಮೊದಲೇ ಅಜೆಂಡಾದಲ್ಲಿ ಸೇರಿಸಬೇಕಿತ್ತು.

ಹೀಗಾಗಿ ಗಾಲಿ ಖುರ್ಚಿಯ ಸಹಾಯಾರ್ಥ ಮಹಾಭೋಜನವೊಂದನ್ನು ಏರ್ಪಡಿಸುವುದೆಂದೂ, ಉಂಡವರು ಹೋಗುವಾಗ ಬಾಗಿಲ ಬಳಿಯ ಡಬ್ಬಿಯಲ್ಲಿ ತಮ್ಮ ಕೈಲಾದದ್ದನ್ನು ಹಾಕತಕ್ಕದ್ದೆಂದೂ ತೀರ್ಮಾನವಾಯಿತು. ಆಮಂತ್ರಣ ಪತ್ರಿಕೆಯ ಕೆಲಸ ಚನಮಲ್ಲಪ್ಪನ ಪ್ರೆಸ್ಸಿಗೆ ಹೋಯಿತು. ಲಗ್ನದ ಸುಗ್ಗಿ ಅದು. ಎಷ್ಟೋ ವರ್ಷಗಳಿಂದ ಲಗ್ನಪತ್ರಿಕೆಗಳನ್ನೇ ಹೊಡೆಯುತ್ತ ಬಂದ ಚನಮಲ್ಲಪ್ಪ ಈ ಪತ್ರಿಕೆಯನ್ನೂ ಅಷ್ಟೇ ಶ್ರದ್ಧೆಯಿಂದ ಹೊಡೆದುಕೊಟ್ಟ. ಮೇಲೆ ಕುಲದೇವರು, ಅಂಚಿಗೆ ಬಂಗಾರದ ಬಳ್ಳಿ, ನಡುವೆ ಊಟದ ವಿವರ, ತಳದಲ್ಲಿ ಕೆಂಪು ಅಕ್ಷರದಲ್ಲಿ ಒಂದು ಸಾಲು: 'ವಿ. ಸೂ.: ಆಯೇರಿ ತರಬಾರದು. ತಮ್ಮ ಆಶೀರ್ವಾದವೇ ನಮಗೆ ಉಡುಗೊರೆ.'

ಈ ಸಾಲು ಮಲ್ಲಿನಾಥನ ಕಣ್ಣಿಗೆ ಬಿದ್ದಾಗ ಪತ್ರಿಕೆಗಳು ರಬಕವಿ, ತೇರದಾಳ ದಾಟಿ ಜಮಖಂಡಿ, ಮುಧೋಳ, ಬೀಳಗಿಯ ಬೀಗರ ಮನೆಗಳನ್ನೂ ಸೇರಿಬಿಟ್ಟಿದ್ದವು. ಅವನು ಪ್ರೆಸ್ಸಿಗೆ ಓಡಿದ.

"ಚನಮಲ್ಲಪ್ಪಣ್ಣಾ, ಏನ್ ಮಾಡೀರಿ ಇದು? ದೇಣಿಗಿ ಕೂಡಸೂ ಊಟಕ್ಕ ಯಾರೂ ಏನೂ ತರಬ್ಯಾಡ್ರಿ ಅಂತ ಹಾಕೀರಲ್ಲ!"

"ಅದು ನಮ್ಮ ಪ್ರೆಸ್ಸಿನ ಕಡಿಂದ ಫುಕಟ್ ಸಾಲ್ರಿ," ಎಂದ ಚನಮಲ್ಲಪ್ಪ, ಮಸಿ ಕೈ ಒರೆಸಿಕೊಳ್ಳುತ್ತ. "ಎಲ್ಲಾ ಕಾರ್ಡಿಗೂ ಹಾಕತೇನಿ. ಇಲ್ಲೀತನಕಾ ಒಬ್ಬರೂ ತಕರಾರ ಮಾಡಿಲ್ಲ."

"ಅವೆಲ್ಲಾ ಲಗ್ನದ ಕಾರ್ಡಲ್ರೀ!"

"ಮೊನ್ನೆ ಒಂದು ದಿವಸದ ಊಟದ ಕಾರ್ಡಿಗೂ ಬಿದ್ದಿತ್ತು. ಸತ್ತವರ ಮನಿಯವರು ಸುದ್ದಾ ಏನೂ ಅನ್ನಲಿಲ್ಲ. ನೀವ್ಯಾಕ ಇಷ್ಟು ಮನಸಿಗೆ ಹಚಗೋತೀರಿ?"

ನೀಲಕಂಠಪ್ಪನವರೂ ಧೈರ್ಯ ಹೇಳಿದರು. ಜನ ಶಾಣ್ಯಾ ಅದಾರ, ತರಬ್ಯಾಡ್ರಿ ಅಂದ್ರ ತರ್ರಿ ಅಂತಲೇ ಅರ್ಥ ಅಂದರು. ಬೇರೆ ಸೀಮೆಯಲ್ಲಿ ಹಾಗೆ ಆಗುತ್ತಿತ್ತೋ ಏನೋ. ನಮ್ಮ ಜನಕ್ಕೆ ಅಚ್ಚಾದ ಮಾತೆಂದರೆ ಬಹಳ ಗೌರವ.

ಭೋಜನದ ದಿನ ಕಲ್ಯಾಣಮಂಟಪ ಕಿಕ್ಕಿರಿಯಿತು. ರೇಷ್ಮೆ ಸೀರೆ, ಕಡಕ್ ಇಸ್ತ್ರಿಯ ಅಂಗಿ, ಗಾಂಧಿ ಟೊಪ್ಪಿಗಿ. ಟೆಂಪೋ ಮಾಡಿಕೊಂಡು ಬಂದವರೂ ಇದ್ದರು. ಹುಗ್ಗಿಗೆ ತುಪ್ಪ, ಕಟಕ ರೊಟ್ಟಿಗೆ ಎಣ್ಣೆಗಾಯಿ, ಯಾವುದಕ್ಕೂ ಕೊರತೆಯಿರಲಿಲ್ಲ. ವೇದಿಕೆಯ ಮೇಲೆ ಪೆಂಡಾಲಿನವನು ತನ್ನ ರೂಢಿಯಂತೆ ಎರಡು ಸಿಂಹಾಸನದಂಥ ಖುರ್ಚಿ ಇಟ್ಟಿದ್ದ. ಶಿಷ್ಟಾಚಾರದ ಪ್ರಕಾರ ಒಂದರಲ್ಲಿ ಅಧ್ಯಕ್ಷರು ಕೂತರು. ಇನ್ನೊಂದರಲ್ಲಿ ಫಲಾನುಭವಿ ಅನಸವ್ವನನ್ನು ಎತ್ತಿ ತಂದು ಕೂಡಿಸಲಾಯಿತು. ಇಬ್ಬರಿಗೂ ಹಾರ ಹಾಕಲಾಯಿತು.

ತೇರದಾಳದ ಹಿರಿಯರೊಬ್ಬರು ಮಲ್ಲಿನಾಥನ ಬಳಿ ಬಂದು, "ಅಕ್ಕಿಕಾಳು ಎಷ್ಟು ಗಂಟೇಕ್ರಿ?" ಎಂದು ಕೇಳಿದರು.

"ಅಕ್ಕಿಕಾಳು ಇಲ್ರಿ. ಇದು ಸಹಾಯಾರ್ಥ ಊಟ."

"ಯಾರ ಊಟ ಆದ್ರೂ ಇರವಲ್ದ್ಯಾಕ. ಅಕ್ಕಿಕಾಳು ಹಾಕದ ಎಲಿ ಮುಂದ ಹ್ಯಾಂಗ ಕುಂಡ್ರೂದು ತಮ್ಮಾ?"

ಮಾತು ನ್ಯಾಯವಾದದ್ದೆಂದು ಸುತ್ತಲಿನವರಿಗೆ ಅನಿಸಿತು. ಅಡಿಗೆಮನೆಯಿಂದ ಅರಿಷಿಣ ಕಲಸಿದ ಅಕ್ಕಿ ಬಂತು. ಬಾಜಾದವರು ಯಾರ ಅಪ್ಪಣೆಗೂ ಕಾಯದೆ ಊದಿದರು. ಅಧ್ಯಕ್ಷರ ಮೇಲೂ ಅನಸವ್ವನ ಮೇಲೂ ನಾಲ್ಕು ದಿಕ್ಕಿನಿಂದ ಅಕ್ಷತೆ ಬಿತ್ತು. ಅಧ್ಯಕ್ಷರ ಪತ್ನಿ ಕಸ್ತೂರೆವ್ವ ಮೊದಲ ಸಾಲಿನಲ್ಲೇ ಇದ್ದರು. ಅರೆಗಳಿಗೆ ಯೋಚಿಸಿ, ಪದ್ಧತಿಯೆಂದರೆ ಪದ್ಧತಿ ಎಂದು ಅವರೂ ಎರಡು ಕಾಳು ಹಾಕಿದರು. ಜನ ಸಾಲಾಗಿ ಹತ್ತಿ ಬಂದು ಹರಸಿದರು. ಕೆಲವರು "ನೂರು ವರ್ಷ ಛಂದಾಗಿ ಬಾಳ್ರಿ" ಎಂದರು. ವಿಷಯ ತಿಳಿದ ಕೆಲವರು "ಲಗೂನ ಎದ್ದು ಅಡ್ಡಾಡವಾ ಯವ್ವಾ" ಎಂದರು.

ಅನಸವ್ವ ಮಲ್ಲಿನಾಥನನ್ನು ಹತ್ತಿರ ಕರೆದು, "ಖುರ್ಚಿ ಭಾರಿ ಐತಿ ಖರೆ, ಗಾಲಿ ಎಲ್ಲೆದಾವೋ? ಮತ್ತ ಬಾಜೂಕ ಕುಂತಾಂವ ಯಾಂವ?" ಎಂದು ಕೇಳಿದಳು.

ಬಾಗಿಲ ಬಳಿಯ ಡಬ್ಬಿಗೆ ಒಬ್ಬರು ನೋಟು ಹಾಕಲು ಹೋದದ್ದು ನಿಜ. ಅವರ ಹೆಂಡತಿ ಕೈ ಹಿಡಿದು ಎಳೆದಳು. "ಬ್ಯಾಡ ಅಂತ ಕೆಂಪ ಅಕ್ಷರದಾಗ ಹಾಕ್ಯಾರ. ಮಂದಿ ಮರ್ಯಾದಿ ಕಳೀತೀರೇನ?" ಎಂದಳು. ಸಂಜೆ ಡಬ್ಬಿ ತೆಗೆದಾಗ ಅದರಲ್ಲಿ ಒಂದು ಅಡಿಕೆ ಪೊಟ್ಟಣ, ಒಂದು ಅಂಗಿ ಗುಂಡಿ ಸಿಕ್ಕವು. ಗುಂಡಿಯ ವಾರಸುದಾರರು ಬಂದು ಒಯ್ಯತಕ್ಕದ್ದೆಂದು ನೋಟಿಸು ಹಚ್ಚಲಾಯಿತು.

ಬಳಗದ ಸೇವಾವರ್ಷ ಜೂನಿಗೆ ಮುಗಿಯುತ್ತಿತ್ತು. ಅಷ್ಟರಲ್ಲಿ ಕೈಗೊಂಡ ಸೇವೆ ಪೂರ್ಣವಾಗಿದೆಯೆಂದು ವಲಯ ಕಚೇರಿಗೆ ವರದಿ ಹೋಗದಿದ್ದರೆ ನೀಲಕಂಠಪ್ಪನವರಿಗೆ ವಲಯ ಸಂಚಾಲಕರ ಪದವಿ ತಪ್ಪುತ್ತಿತ್ತು. ಆ ಪದವಿಗೆಂದೇ ಅವರು ಕೋಟು ಹೊಲಿಸಿಯಾಗಿತ್ತು. ತುರ್ತು ಸಭೆ ಕರೆದು ಈ ಕೆಳಗಿನ ಠರಾವು ಮಂಡಿಸಿದರು:

'ಆಶೀರ್ವಾದವೇ ಉಡುಗೊರೆಯೆಂದು ಬಳಗವು ಮುಂಗಡವಾಗಿ ಮುದ್ರಿಸಿ ಪ್ರಕಟಿಸಿರುವುದರಿಂದಲೂ, ಸದರಿ ಆಶೀರ್ವಾದದಲ್ಲಿ ಎದ್ದು ಅಡ್ಡಾಡು ಎಂಬ ಬಾಬು ಸ್ಪಷ್ಟವಾಗಿ ಸೇರಿರುವುದರಿಂದಲೂ, ಸದರಿ ಆಶೀರ್ವಾದವು ಫಲಾನುಭವಿಯ ತಲೆಯ ಮೇಲೆ ಬಿದ್ದದ್ದನ್ನು ಸಾರ್ವಜನಿಕರು ಪ್ರತ್ಯಕ್ಷ ಕಂಡಿರುವುದರಿಂದಲೂ, ಶ್ರೀಮತಿ ಅನಸವ್ವನವರು ನಡೆಯುತ್ತಿದ್ದಾರೆಂದು ಪರಿಗಣಿಸತಕ್ಕದ್ದು.'

"ಆದ್ರ ಆಕಿ ನಡ್ಯಾಕತ್ತಿಲ್ಲಲ್ರೀ," ಎಂದ ಮಲ್ಲಿನಾಥ.

"ನಡ್ಯಾಕತ್ತಾಳ ಅಂತ ಯಾರಂದ್ರು?" ಅಧ್ಯಕ್ಷರಿಗೆ ಬೇಸರವಾಯಿತು. "ಪರಿಗಣಿಸತಕ್ಕದ್ದು ಅಂದೇವಿ. ಕಾರ್ಯದರ್ಶಿ ಅದೀರಿ, ಇಷ್ಟು ಕನ್ನಡ ತಿಳೀಬಾರದೇನ?"

ಮಲ್ಲಿನಾಥ ಸಹಿ ಮಾಡಿದ. ಮರುದಿನ ಇಬ್ಬರು ಸದಸ್ಯರು ಅನಸವ್ವನನ್ನು ಎರಡೂ ರಟ್ಟೆ ಹಿಡಿದು ಎತ್ತಿ ನಿಲ್ಲಿಸಿ ಫೋಟೋ ತೆಗೆಸಿದರು. ಆ ಫೋಟೋ ದೊಡ್ಡ ಬ್ಯಾನರಾಗಿ ಚೌಕದಲ್ಲಿ ಏರಿತು: 'ಮತ್ತೆ ನಡೆದ ಅನಸವ್ವ! ಶ್ರಮಿಸಿದ ಅಧ್ಯಕ್ಷರಿಗೆ ಅಭಿನಂದನೆಗಳು.' ಅವಳ ಎರಡೂ ಬದಿಗೆ ಹಿಡಿದ ಕೈಗಳನ್ನು ಕಂಪ್ಯೂಟರಿನಲ್ಲಿ ಅಳಿಸಿ ಅಲ್ಲಿ ಗುಲಾಬಿ ಹೂ ಇಟ್ಟಿದ್ದರು.

ಮಲ್ಲಿನಾಥನಿಗೆ ಎದುರುಮನೆಯ ಹೊಸ್ತಿಲನ್ನು ನೋಡುವ ಮುಖವಿಲ್ಲದಾಯಿತು. ಹಿತ್ತಲ ಬಾಗಿಲಿನಿಂದ ಓಡಾಡತೊಡಗಿದ. ಕೊನೆಗೊಂದು ದಿನ, ಶಿಸ್ತಿನ ಕ್ರಮವಾದರೆ ಆಗಲಿ ಎಂದು ಜಮಖಂಡಿಗೆ ಹೋಗಿ ಸ್ವಂತ ಕಿಸೆಯಿಂದಲೇ ಗಾಲಿ ಖುರ್ಚಿ ಕೊಂಡು ತಂದ. ತರುವಾಗ ಕಟ್ಟೆಯ ಮುಂದೆ ಹಾದುಬರಬೇಕಾಯಿತು. ಹೆಂಗಸರೆಲ್ಲ ಕೂತಿದ್ದರು. ಒಂದು ಮೂಲೆ ಮಾತ್ರ ಖಾಲಿ ಬಿಟ್ಟಿದ್ದರು.

"ಇಲ್ಲಿ ಯಾರು ಬರೋರದಾರ?" ಎಂದು ಕೇಳಿದ.

"ಬರೋರೇನು, ಬಂದಾಳಲ್ಲ, ಅನಸವ್ವ," ಎಂದಳು ಕಟ್ಟೆಯ ಹಿರಿಯಳಾದ ಯಲ್ಲವ್ವ. "ನಡ್ಯಾಕತ್ತಾಳಂತ ಚೌಕಿನ್ಯಾಗ ಬೋರ್ಡ ಹಾಕ್ಯಾರ. ಅದಕ್ಕ ನಾವೂ ಆಕಿ ಸುದ್ದಿ ಬಿಟ್ಟೇವಿ. ಎದುರಿಗೆ ಕುಂತಾಕಿ ಸುದ್ದಿ ಆಡೂದು ನಮ್ಮ ಪದ್ಧತಿ ಅಲ್ಲಪಾ."

ಮಲ್ಲಿನಾಥ ಖುರ್ಚಿಯನ್ನು ಹೊಸ್ತಿಲ ಮುಂದಿಳಿಸಿ, ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿ, "ತಪ್ಪಾತು ಆಯಿ. ತಡಾ ಆತು. ಇನ್ನರ ಕುಂಡ್ರು," ಎಂದ. ಅನಸವ್ವ ಕೈ ಚಾಚಿ ಗಾಲಿಯನ್ನು ಒಮ್ಮೆ ತಿರುವಿದಳು. ಅದು ಎಣ್ಣೆ ಬಿಟ್ಟ ರಾಟಿಯ ಹಾಗೆ ಸರಾಗವಾಗಿ ತಿರುಗಿತು. ಆಮೇಲೆ ಕೈ ಹಿಂದಕ್ಕೆಳೆದುಕೊಂಡಳು.

"ನನ್ನ ಸುದ್ದಿ ಬಿಟ್ಟಾರ? ಖರೆ?"

"ಖರೆ ಆಯಿ. ನಿನ್ನ ಜಾಗಾ ಬಿಟ್ಟ ಕುಂತಾರ."

"ಹಂಗಾರ ಒಯ್ಯಿ ಇದನ್ನ. ಇದರ ಮ್ಯಾಲ ಹೋದ್ನೆಂದ್ರ, ನಡ್ಯಾಕತ್ತಾಕಿ ಮತ್ತ ಬಿದ್ದಳು ನೋಡ್ರೆವಾ ಅಂತಾರ. ಮತ್ತ ಸುರು ಆಕ್ಕೈತಿ ನಂದು. ಸಾಕಾಗೇತಿ ನನಗ."

ಮಲ್ಲಿನಾಥ ಎಷ್ಟು ಹೇಳಿದರೂ ಅನಸವ್ವ ಕೇಳಲಿಲ್ಲ. ಸಹಾಯವೇ ಆಗದ್ದರಿಂದ ಶಿಸ್ತಿನ ಕ್ರಮವೂ ಆಗಲಿಲ್ಲ. ಖುರ್ಚಿ ಈಗ ಬಳಗದ ಕಚೇರಿಯಲ್ಲಿ ಮುಖ್ಯ ಅತಿಥಿಗಳ ಆಸನವಾಗಿದೆ. ನೀಲಕಂಠಪ್ಪನವರು ವಲಯ ಸಂಚಾಲಕರಾಗಿದ್ದಾರೆ. ಆಶೀರ್ವಾದದಿಂದಲೇ ಸೇವೆ ಮುಗಿಸುವ ಬನಹಟ್ಟಿಯ ಪದ್ಧತಿಯನ್ನು ಉಳಿದ ಶಾಖೆಗಳೂ ಅನುಸರಿಸತಕ್ಕದ್ದೆಂದು ಸುತ್ತೋಲೆ ಬಂದಿದೆ. ಎಲ್ಲ ಶಾಖೆಗಳ ಕಾರ್ಡುಗಳೂ ಚನಮಲ್ಲಪ್ಪನ ಪ್ರೆಸ್ಸಿನಲ್ಲೇ ಅಚ್ಚಾಗುತ್ತವೆ.

ಮ‍ಲ್ಲಿನಾಥ ದಿನಾಲೂ ಸಂಜೆ ಕಟ್ಟೆಯವರೆಗೆ ಹೋಗಿ ಆ ಖಾಲಿ ಮೂಲೆಯ ಪಕ್ಕ ತುಸು ಹೊತ್ತು ನಿಂತು ಬರುತ್ತಾನೆ. ಮುಂಬಾಗಿಲಿನಿಂದಲೇ ಬರುತ್ತಾನೆ. ಹೊಸ್ತಿಲಲ್ಲಿ ಅನಸವ್ವ ಅವನ ದಾರಿ ಕಾಯುತ್ತಿರುತ್ತಾಳೆ.

"ಮಲ್ಲಿನಾಥಾ, ಇವತ್ತ ಕಟ್ಟೀ ಮ್ಯಾಲ ನಾ ಏನ್ ಮಾತಾಡಿದ್ನೋ?"

ಈ ಪ್ರಶ್ನೆ ಅವನಿಗೆ ಈಗ ರೂಢಿಯಾಗಿದೆ.

"ಅಧ್ಯಕ್ಷರ ಕೋಟಿನ ಸುದ್ದಿ ತಗದಿದ್ದಿ ಆಯಿ. ಸೆಕಿಯೊಳಗ ಕೋಟ ಹಾಕ್ಕೊಂಡ ಬೆವರು ಒರಸ್ಕೋತ ಅಡ್ಡಾಡತಾನ ಅಂದಿ."

"ಛಲೋ ಮಾತಾಡೇನಿ," ಎಂದು ಅನಸವ್ವ ಸೆರಗು ಸರಿ ಮಾಡಿಕೊಂಡಳು. "ನಾಳೆ ಅವನ ಹೆಂಡ್ತಿ ಕಸ್ತೂರೆವ್ವನ ಸುದ್ದಿ ಆಡಬೇಕಂತ ಮಾಡೇನಿ. ಮರೀಬ್ಯಾಡ ಮತ್ತ."

"ಇಲ್ಲ ಆಯಿ, ಮರಿಯಾಂಗಿಲ್ಲ," ಎಂದ ಮಲ್ಲಿನಾಥ.