ಪುನರ್ಪುಳಿ ತುಪ್ಪದ ದೋಸೆ ಮತ್ತು ಇತರ ದೂರುಗಳು

ನಂಬುವುದಿಲ್ಲವಾದರೆ ಬೇಡ, ನನಗೇನೂ ನಷ್ಟವಿಲ್ಲ. ಪುತ್ತೂರಿನಲ್ಲಿ ಬಸ್ಸು ಹತ್ತಿ ಸುಳ್ಯಕ್ಕೆ ಹೋಗಿ, ಕಡಬಕ್ಕೆ ಹೋಗಿ, ದಾರಿಯಲ್ಲಿ ಸಿಕ್ಕಿದ ಮುಖಗಳನ್ನು ನೋಡಿಕೊಂಡು ಬನ್ನಿ. ಹೊಳೆಯುವ ಮುಖಗಳೆಲ್ಲ ನನ್ನ ಪುಡಿ ಹಚ್ಚಿದವು. ಹೊಳೆಯದ ಮುಖದವರಿಗೆ ನಾನಿನ್ನೂ ಸಿಕ್ಕಿಲ್ಲ, ಅಷ್ಟೇ.

ಅರಶಿನ, ಹೆಸರುಹಿಟ್ಟು, ಲಾವಂಚ, ಅಂಟುವಾಳ ಇವುಗಳ ಗುಣ ನನ್ನಷ್ಟು ಬಲ್ಲವನು ಈ ಮೂರು ಊರುಗಳಲ್ಲಿ ಇನ್ನೊಬ್ಬನಿಲ್ಲ. ಮನೆಯ ಒರಳಿನಲ್ಲಿ ನಾನೇ ಕುಟ್ಟಿ, ನಾನೇ ಜರಡಿ ಹಿಡಿದು, ಚೀಲ ಹೆಗಲಿಗೆ ಹಾಕಿ ಮಾರುತ್ತೇನೆ. ಈ ಕಸುಬಿನಲ್ಲಿ ವಾರಕ್ಕೊಂದು ತಮಾಷೆ ತಪ್ಪಿದ್ದಲ್ಲ. ಆದರೆ ಆ ವರ್ಷ ಮಾತ್ರ ತಮಾಷೆ ಆಗದಿರಲೆಂದು ಬೇಡಿಕೊಂಡಿದ್ದೆ. ನರಿಮೊಗರಿನ ಒಬ್ಬ ಮಾಸ್ಟ್ರ ಮಗಳನ್ನು ಕೇಳಿದ್ದೆ. ಮಾಸ್ಟ್ರು ಕನ್ನಡಕ ಮೂಗಿನ ತುದಿಗೆ ಇಳಿಸಿ ಹೇಳಿದ್ದರು: "ಪುಡಿ ಮಾರುವವನಿಗೆ ಹೆಣ್ಣು ಕೊಡುದು ಹೇಗೆ ಮಾರಾಯ? ಶಿವರಾತ್ರಿಯವರೆಗೆ ನೋಡ್ತೇನೆ. ನಿನ್ನ ಸಾಮಾನಿನ ಮೇಲೆ ಒಂದು ದೂರು ಬಂದರೂ ಈ ಮಾತು ಇಲ್ಲಿಗೇ ಮುಗೀತು."

"ದೂರಾ? ನನ್ನ ಸಾಮಾನಿನ ಮೇಲಾ?" ಎಂದು ನಕ್ಕು ಎದ್ದು ಬಂದೆ. ಮಾಸ್ಟ್ರ ಈ ಷರತ್ತು ವಾರದೊಳಗೆ ಬಸ್ಸು ಹೋಗುವ ಊರಿಗೆಲ್ಲ ಮುಟ್ಟಿತ್ತು.

೧. ಕಂಡಕ್ಟರನ ಮೀಸೆ

ಅಡಿಗೆಯ ಅರಶಿನ ಹಚ್ಚಿದರೆ ಮುಖ ಹಳದಿಯಾಗುತ್ತದೆ. ಕಸ್ತೂರಿ ಅರಶಿನದ ಬಣ್ಣ ಹಿಡಿಯುವುದಿಲ್ಲ, ಪರಿಮಳವೂ ಉಂಟು. ಮುಖದ ಮೇಲಿನ ನವಿರು ರೋಮ ಕಡಿಮೆಯಾಗುತ್ತದೆಂದು ಹೆಂಗಸರು ಅದನ್ನೇ ಕೇಳಿ ಕೊಳ್ಳುವುದು. ಸುಳ್ಯದ ಬಸ್ಸಿನ ಕಂಡಕ್ಟರನೊಬ್ಬ ಬೆಳ್ಳಗಾಗುವ ಆಸೆಯಲ್ಲಿ ಒಂದು ಪೊಟ್ಟಣ ತೆಗೆದುಕೊಂಡ. ಈ ರೋಮದ ವಿಷಯ ಅವನಿಗೆ ಯಾರು ಹೇಳಿದರೋ, ಮುಂದಿನ ವಾರ ನಾನು ಬಸ್ಸು ಹತ್ತಿದ್ದೇ ತಡ, ಸೀಟಿ ಊದಿ ಬಸ್ಸನ್ನೇ ನಿಲ್ಲಿಸಿದ.

"ನನ್ನ ಮೀಸೆ ಎಲ್ಲಿ? ಮಾಸ್ಟ್ರಿಗೆ ಇವತ್ತೇ ಹೇಳ್ತೇನೆ!"

ನಾನು ಬಿಟ್ಟುಕೊಡಲಿಲ್ಲ. "ಮೊದಲು ಎಷ್ಟು ಇತ್ತು, ಅದನ್ನು ಹೇಳು" ಎಂದೆ.

ಬಸ್ಸಿನವರೆಲ್ಲ ಅವನ ಮೇಲ್ತುಟಿಯನ್ನೇ ನೋಡತೊಡಗಿದರು. ಎದುರಿನ ಸೀಟಿನ ಅಜ್ಜಿಯೊಬ್ಬರು ಎಲೆಯಡಿಕೆ ಉಗಿದು ಬಂದು ತೀರ್ಪು ಕೊಟ್ಟರು: "ಮೂರು ವರ್ಷದಿಂದ ನಾನು ಇದೇ ಬಸ್ಸಿನಲ್ಲಿ ಹೋಗುದು ಮಗಾ. ಮೀಸೆ ಅಂತ ಒಂದನ್ನು ಕಂಡದ್ದೇ ಇಲ್ಲ. ರೈಟ್ ಹೇಳು."

೨. ಕಾಲು ಗಂಟೆ

ನೆಲ್ಯಾಡಿಯ ರಬ್ಬರು ತೋಟದ, ಕೇರಳದಿಂದ ಬಂದ ಒಬ್ಬ ಚೇಟನಿಗೆ ಹೆಸರುಹಿಟ್ಟು, ಜೇನು ಎರಡನ್ನೂ ಕೊಟ್ಟೆ. ಹಿಟ್ಟು ಕೊಳೆ ತೆಗೆಯುತ್ತದೆ, ಜೇನು ಚರ್ಮವನ್ನು ಮೆದುವಾಗಿ ಇಡುತ್ತದೆ, ಕಲಸಿ ಹಚ್ಚಿ ಕಾಲು ಗಂಟೆಗೆ ತೊಳೆಯಿರಿ ಎಂದೆ. ಆತ ಮಧ್ಯಾಹ್ನ ಹಚ್ಚಿಕೊಂಡು ಜಗಲಿಯಲ್ಲಿ ಮಲಗಿ ನಿದ್ದೆ ಹೋದ. ಎಚ್ಚರಾದದ್ದು ಕೆಂಪಿರುವೆ ಕಚ್ಚಿದ ಮೇಲೆ. ಮುಖ ಹಲಸಿನ ಹಣ್ಣಿನ ಹಾಗಾಗಿತ್ತು.

"ಕಾಲು ಗಂಟೆ ಅಂದಿದ್ದೆನಲ್ಲ!" ಎಂದೆ.

"ನನ್ನ ಮನೆಯಲ್ಲಿ ಗಡಿಯಾರ ಎಲ್ಲುಂಟು?"

"ಅದು ಹೋಗಲಿ. ಇರುವೆ ಎಷ್ಟು ಬಂದಿದ್ದವು?"

"ಲೆಕ್ಕ ಇಲ್ಲ! ಮನೆಯ ಬೆಲ್ಲದ ಡಬ್ಬಿ ಬಿಟ್ಟು ನನ್ನ ಮುಖಕ್ಕೇ ಬಂದದ್ದು!"

"ನೋಡಿ, ಜೇನು ಎಷ್ಟು ಒಳ್ಳೆಯದು ಅಂತ ನಾನು ಹೇಳಬೇಕಾ?" ಎಂದೆ.

ಆತ ಮುಖ ತುರಿಸಿಕೊಳ್ಳುತ್ತಲೇ ಇನ್ನೆರಡು ಸೀಸೆ ಜೇನು ತೆಗೆದುಕೊಂಡ. ತಿನ್ನಲಿಕ್ಕೆ.

೩. ಸಾಹುಕಾರರ ಕೂದಲು

ಪುತ್ತೂರಿನ ಜವಳಿ ಅಂಗಡಿಯ ಬ್ಯಾರಿ ಸಾಹುಕಾರರಿಗೆ ತಲೆಗೆಂದು ಅಂಟುವಾಳದ ಪುಡಿ ಕೊಟ್ಟೆ. ಅದರ ನೊರೆ ಕಣ್ಣಿಗೆ ಬಿದ್ದರೆ ಮೆಣಸು ಅರೆದು ಹಾಕಿದ ಹಾಗೆ. ಅದಕ್ಕೆ, ಕಣ್ಣು ಮುಚ್ಚಿಕೊಳ್ಳಿ ಎಂದು ಹತ್ತು ಸಲ ಹೇಳಿದ್ದೆ.

"ಕಣ್ಣು ಮುಚ್ಚಿದೆ ಮಾರಾಯ. ಮತ್ತೆ ನೀರಿನ ಚೆಂಬು ಹುಡುಕುದು ಯಾರು, ನಿನ್ನ ಅಜ್ಜನಾ?" ಎಂದರು ಸಾಹುಕಾರರು. ಚೆಂಬು ಹುಡುಕಲು ಕಣ್ಣು ಬಿಟ್ಟು, ಉರಿ ತಡೆಯಲಾರದೆ, ಕೈಗೆ ಸಿಕ್ಕಿದ ಬಾಲ್ದಿಯನ್ನು ಎತ್ತಿ ತಲೆಗೆ ಸುರಿದುಕೊಂಡರಂತೆ. ಅದು ದನಕ್ಕೆಂದು ತೆಗೆದಿಟ್ಟ ಅಕ್ಕಿ ತೊಳೆದ ನೀರು.

ಇನ್ನು ಮಾಸ್ಟ್ರ ಮನೆಗೆ ದೂರು ಹೋಯಿತೆಂದು ನಾನು ತಲೆ ತಗ್ಗಿಸಿ ನಿಂತಿದ್ದೆ. ಸಾಹುಕಾರರು ಟೊಪ್ಪಿ ತೆಗೆದು ತಲೆ ಸವರಿಕೊಂಡರು. ಕೂದಲು ರೇಷ್ಮೆ!

"ಅಂಟುವಾಳ ಸಾಕು. ಆ ದನದ್ದು ಪುಡಿಯಾಗಿ ಸಿಗ್ತದಾ?"

೪. ಶಿವರಾತ್ರಿ ಕಳೆದ ಮರುದಿನ

ಗಡುವು ಮುಗಿಯಿತು. ಬಿಳಿ ಅಂಗಿ ಹಾಕಿ, ಬಗಲಲ್ಲಿ ಒಂದು ಡಬ್ಬಿ ಹಿಡಿದು ನರಿಮೊಗರಿಗೆ ಹೋದೆ. ಹುಡುಗಿಯ ಅಮ್ಮನ ಹಿಮ್ಮಡಿ ಒಡೆದದ್ದು ನಾನು ಮೊದಲ ಸಲ ಹೋದಾಗಲೇ ಕಂಡಿದ್ದೆ. ಅದಕ್ಕೆಂದು ಪುನರ್ಪುಳಿ ಅಂದರೆ ಮುರುಗಲ ಹಣ್ಣಿನ ಬೀಜದ ತುಪ್ಪ, ತೆಂಗಿನೆಣ್ಣೆ, ಜೇನುಮೇಣ ಕರಗಿಸಿ, ಕರ್ಪೂರ ಹಾಕಿ, ಒಂದು ಮುಲಾಮು ಕಾಯಿಸಿದ್ದೆ. ಬೆಣ್ಣೆಯಂಥ ಮುಲಾಮು! ನಮ್ಮ ಕಡೆ ಪುನರ್ಪುಳಿ ತುಪ್ಪವನ್ನು ಒಡೆದ ಕಾಲಿಗೂ ಹಚ್ಚುತ್ತಾರೆ, ದೋಸೆಗೂ ಹಾಕುತ್ತಾರೆ. ನಾನೋ, ಬಾಗಿಲಲ್ಲೇ ಡಬ್ಬಿ ಕೊಟ್ಟು, "ಪುನರ್ಪುಳಿ ತುಪ್ಪದ್ದು ಅಮ್ಮ, ಇಂಥದ್ದು ನೀವು ಕಂಡಿರಲಿಕ್ಕಿಲ್ಲ" ಎಂದು ಜಂಬ ಕೊಚ್ಚಿದೆನೇ ಹೊರತು ಕಾಲಿಗೆ ಎಂದು ಹೇಳಲಿಲ್ಲ. ಹೆಣ್ಣು ಕೇಳಲು ಬಂದವನು ಹುಡುಗಿಯ ಅಮ್ಮನ ಕಾಲಿನ ಸುದ್ದಿ ಎತ್ತುವುದುಂಟೇ?

ಸ್ವಲ್ಪ ಹೊತ್ತಿಗೆ ಬಿಸಿ ದೋಸೆ ಬಂತು, ಮೇಲೆ ತುಪ್ಪ ಕರಗಿತ್ತು. ಮಾಸ್ಟ್ರಿಗೆ ಎರಡು, ನನಗೆ ಮೂರು.

ಮೊದಲ ತುತ್ತಿಗೇ ನನಗೆ ಗೊತ್ತಾಯಿತು. ಮೇಣ ಹೋಗಿ ಬಾಯಿಯ ಮೇಲ್ಭಾಗಕ್ಕೆ ಅಂಟಿಕೊಂಡಿತು. ಮಾಸ್ಟ್ರು ಮೂಗರಳಿಸಿದರು. "ಎಂತ ಪರಿಮಳ! ದೇವಸ್ಥಾನದಲ್ಲಿ ಕೂತು ತಿಂದ ಹಾಗೆ ಉಂಟು."

ಬಾಯಿ ಬಿಟ್ಟರೆ ಹುಡುಗಿ ಇಲ್ಲ. ಬಾಯಿ ಮುಚ್ಚಿದರೆ ಮಾಸ್ಟ್ರ ಹೊಟ್ಟೆಗೆ ಕರ್ಪೂರ. ನಾಲಿಗೆಯಿಂದ ಮೇಣ ಕೆರೆಯತೊಡಗಿದೆ. ಅವರು ಒಂದು ತುತ್ತು ಬಾಯಿಗಿಟ್ಟು ಇನ್ನೊಂದು ಎತ್ತಿದರು. ನಾನು ಎದ್ದು ಅವರ ಬಟ್ಟಲನ್ನೇ ಕಸಿದುಕೊಂಡೆ.

"ತಿನ್ನಬೇಡಿ ಮಾಸ್ಟ್ರೆ! ಇದು ಹಿಮ್ಮಡಿಗೆ ಹಚ್ಚುದು! ಹೇಳದೆ ಕೊಟ್ಟೆ, ತಪ್ಪು ನನ್ನದೇ!"

ಅಡಿಗೆಮನೆಯಲ್ಲಿ ಸಟ್ಟುಗ ಬಿದ್ದ ಸದ್ದಾಯಿತು. ಅದರ ಹಿಂದೆಯೇ ಹುಡುಗಿಯ ನಗು. ತಡೆದು ತಡೆದು ಆಗದೆ ಹೊರಗೆ ಬಂದ ನಗು ಅದು.

ಮಾಸ್ಟ್ರು ಅಂಗಳಕ್ಕೆ ಹೋಗಿ ಬಾಯಿ ಮುಕ್ಕಳಿಸಿ ಬಂದು ಕೂತರು. "ಕಂಡಕ್ಟರ, ಚೇಟ, ಸಾಹುಕಾರರು, ಎಲ್ಲರ ಸುದ್ದಿಯೂ ನನ್ನ ಕಿವಿಗೆ ಬಂದಿತ್ತು ಮಾರಾಯ. ಒಂದಕ್ಕಾದರೂ ನೀನು ತಪ್ಪಾಯ್ತು ಹೇಳ್ತೀಯಾ ನೋಡುವ ಅಂತ ಕೂತಿದ್ದೆ."

"ಹಾಗಾದರೆ ದೂರು?" ಎಂದೆ.

"ದೂರು ಉಂಟು. ಮೇಣ ಸ್ವಲ್ಪ ಹೆಚ್ಚಾಗಿದೆ."

ಆ ದಿನ ನನಗೆ ಬಾಯಿ ತೊಳೆಯಲು ಒಂದು ಚೆಂಬು ಬಿಸಿನೀರು ಕೊಟ್ಟರು. ವೈಶಾಖದಲ್ಲಿ ಮಗಳನ್ನು ಕೊಟ್ಟರು.