ಎಲ್ಲಿದ್ದರೂ ಗುರುತಿಸುತ್ತೇನೆ, ಸ್ವಾಮಿ!

ಸಂಜೆ ಆರು ಗಂಟೆ ನಲವತ್ತು ನಿಮಿಷ. ಹೆಗ್ಗದ್ದೆಯಲ್ಲಿ ಬಸ್ಸಿಳಿದು, ಹೆಗಲ ಮೇಲೊಂದು ಬಾಳೆಗೊನೆ ಹೊತ್ತು ಹಾಯಾಗಿ ಮನೆಗೆ ಹೊರಟಿದ್ದೆ. ಪಕ್ಕದ ತೋಟದ ಕಾಫಿ ಕಣದ ಬೇಲಿ ಸಂದಿಯಿಂದ ಒಬ್ಬ ನುಗ್ಗಿ ಬಂದ. ತಲೆಯ ಮೇಲೆ ಕಾಫಿ ಮೂಟೆ, ಕೈಯಲ್ಲಿ ಕತ್ತಿ.

"ಯಾರದು?" ಎಂದೆ. ಹೈಸ್ಕೂಲು ಮೇಷ್ಟರಿಗೆ ಪ್ರಶ್ನೆ ಕೇಳುವ ಚಟ.

ಉತ್ತರವಾಗಿ ಕತ್ತಿ ಬಂತು! ಕಿವಿಯ ಪಕ್ಕ 'ಸುಯ್' ಎಂದಿತು. ಗೊನೆ ಎರಡು ತುಂಡಾಯಿತು. ನಾನು ಒಂದೇ ತುಂಡಾಗಿ ಚರಂಡಿಗೆ ಬಿದ್ದೆ. ಕನ್ನಡಕ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

ಅಂದಿನಿಂದ ನಿದ್ದೆ ನನ್ನನ್ನು ಬಿಟ್ಟಿತು. ಕುಕ್ಕರ್ ಕೂಗಿದರೂ ಸಾಕು, ಮಂಚದ ಕೆಳಗಿರುತ್ತಿದ್ದೆ.

ಮರುದಿನ ಪೊಲೀಸರು ಸಣ್ಣಪ್ಪ ಎಂಬವನನ್ನು ಹಿಡಿದು ತಂದರು. ಕುಂದೂರು ಕಡೆಯಿಂದ ಎಸ್ಟೇಟ್ ಕೆಲಸಕ್ಕೆ ಹೊಸದಾಗಿ ಬಂದವನು. ಕತ್ತಿ ಹಿಡಿದು ರಸ್ತೆಯಲ್ಲಿ ಹೋಗುತ್ತಿದ್ದನಂತೆ. ನಮ್ಮ ಕಡೆ ಕತ್ತಿ ಹಿಡಿಯದೆ ತೋಟಕ್ಕೆ ಹೋಗುವವನ ಮೇಲೇ ಅನುಮಾನ ಪಡಬೇಕು ಎಂಬುದು ಯಾರಿಗೂ ಹೊಳೆಯಲಿಲ್ಲ! ಠಾಣೆಯ ಕಿಟಕಿಯಿಂದ ತೋರಿಸಿ, "ಇವನೇ ತಾನೆ ಮೇಷ್ಟ್ರೇ?" ಎಂದರು. ಕನ್ನಡಕವಿಲ್ಲದ ನನಗೆ ಕಿಟಕಿಯೇ ಸರಿಯಾಗಿ ಕಂಡಿರಲಿಲ್ಲ. ಆದರೆ ಬಿ.ಎಸ್ಸಿ. ಓದಿದ ಪ್ರತ್ಯಕ್ಷದರ್ಶಿ "ಗೊತ್ತಿಲ್ಲ" ಎನ್ನುವುದುಂಟೆ?

"ಇವನೇ! ಎಲ್ಲಿದ್ದರೂ ಗುರುತಿಸುತ್ತೇನೆ!" ಎಂದೆ.

ಮುಂದಿನ ವರ್ಷ ಕೋರ್ಟಿನಿಂದ ಸಮನ್ಸ್ ಬಂತು. ಹೆಂಡತಿ ಸರೋಜ ಮನೆಯಲ್ಲೇ ತಾಲೀಮು ಮಾಡಿಸಿದಳು.

"ರೀ, ಕಳ್ಳನ ಮುಖ ಹೆಂಗಿತ್ತು?"

"ಕ್ರೂರವಾಗಿತ್ತು."

"ಮೀಸೆ ಇತ್ತಾ?"

"ಅಡ್ಡಪ್ರಶ್ನೆ ಕೇಳಬೇಡ ಕಣೇ!"

"ಕೋರ್ಟಲ್ಲಿ ಅದನ್ನ ಕೇಳ್ದೆ, ಕೂರಿಸಿ ಕಾಫಿ ಕೊಡ್ತಾರಾ?"

ಸಾಕ್ಷಿ ಹೇಳುವ ದಿನ ಬೆಳಗ್ಗೆ ಸಕಲೇಶಪುರದ ಬಸ್ಸು ತುಂಬಿ ತುಳುಕುತ್ತಿತ್ತು. ಬಿಳಿ ಅಂಗಿಯವರೊಬ್ಬರು ಕಿಟಕಿಯಿಂದ ಟವೆಲ್ ಹಾಕಿ ಹಿಡಿದಿದ್ದ ಸೀಟಿನಲ್ಲಿ ನನಗೂ ಜಾಗ ಬಿಟ್ಟರು.

"ಬನ್ನಿ ಸಾರ್, ಕೂತ್ಕಳಿ. ನಂದೂ ಕೋರ್ಟಲ್ಲಿ ಒಂದು ಕೇಸು ಐತೆ. ಜಾಮೀನಿನ ಮೇಲೆ ಆಚೆ ಇವ್ನಿ. ಯಾರೋ ಓದಿದೋರು ನಾನೇ ಕಳ್ಳ ಅಂದ್ಬುಟ್ಟವ್ರೆ. ಇವತ್ತು ಅವರು ಹಂಗೇ ಅಂದ್ರೆ ನಾನು ಜೈಲಿಗೇ ಸಾರ್."

"ಛೆ ಛೆ! ಓದಿದವರೇ ಹೀಗೆ ಮಾಡಿದರೆ ಹೇಗೆ? ಲಾಯರ್ ಇದ್ದಾರಾ?"

"ನನ್ ಕೈಲಿ ಆಗಲ್ಲ ಅಂತ ಸರ್ಕಾರದೋರೇ ಒಬ್ರನ್ನ ಕೊಟ್ಟವ್ರೆ. ನಿಮ್ದೇನು ಸಾರ್?"

ಕೇಳಿದ್ದೇ ತಡ, ಕತ್ತಿ, ಗೊನೆ, ಚರಂಡಿ, ಎಲ್ಲ ಹೇಳಿದೆ. ಪಾಪ, ಗೊನೆಯ ಮಾತು ಬರುತ್ತಲೇ ಅವರ ಮುಖ ಬಿಳಿಚಿಕೊಂಡಿತು. ನನ್ನ ಕಷ್ಟಕ್ಕೆ ಎಷ್ಟು ಮರುಗುತ್ತಾರೆ ಎಂದು ನನ್ನ ಕಣ್ಣೂ ಒದ್ದೆಯಾಯಿತು!

"ಅವನ ಮುಖ ಸರಿಯಾಗಿ ನೋಡಿದ್ರಾ ಸಾರ್?"

"ಕನಸಲ್ಲೂ ಗುರುತಿಸ್ತೀನಿ!"

ಬಸ್ಸು ಆನೇಮಹಲ್ ದಾಟಿತು. ಅವರು ಒಂದು ಪೊಟ್ಟಣ ಬಿಚ್ಚಿ, "ಕೋಡುಬಳೆ ತಗೊಳ್ಳಿ ಸಾರ್" ಎಂದರು.

ಕೋರ್ಟಿನಲ್ಲಿ ಆರೋಪಿಯ ಕಡೆ ನೋಡಿದರೆ 'ಸುಯ್' ನೆನಪಾಗುತ್ತದೆಂದು ನ್ಯಾಯಾಧೀಶರನ್ನೇ ನೋಡುತ್ತ ನಿಂತೆ. ಸರ್ಕಾರಿ ವಕೀಲರು ಗುರುತಿಸಲು ಹೇಳಿದಾಗಲೂ ಅಷ್ಟೇ. ಕತ್ತು ತಿರುಗಿಸದೆ ಬೆರಳು ಮಾತ್ರ ಚಾಚಿ, "ಇವನೇ ಸ್ವಾಮಿ!" ಎಂದೆ.

ಆರೋಪಿಯ ಪರ ಎದ್ದ ಲಾಯರು ತೀರಾ ಸೌಮ್ಯ. "ಬೆಳಗ್ಗೆ ಬಸ್ಸಿನಲ್ಲಿ ಯಾರ ಪಕ್ಕ ಕೂತಿದ್ದಿರಿ?"

"ಒಬ್ಬ ಸಜ್ಜನರ ಪಕ್ಕ. ಕೋಡುಬಳೆ ಕೊಟ್ಟರು."

"ಆ ಸಜ್ಜನರು ಇಲ್ಲಿದ್ದಾರಾ? ಹೊಸ ಕನ್ನಡಕದಲ್ಲಿ ನಿಧಾನವಾಗಿ ನೋಡಿ."

ಸುತ್ತ ನೋಡಿದೆ. ಬಾಗಿಲ ಹತ್ತಿರ ಇಲ್ಲ. ಬೆಂಚಿನ ಮೇಲೆ ಇಲ್ಲ. ಕಡೆಗೆ, ನನ್ನ ಬೆರಳು ಈಗಾಗಲೇ ಹೋಗಿಬಂದಿದ್ದ ದಿಕ್ಕಿಗೆ ಕಣ್ಣೂ ಹೋಯಿತು. ಆರೋಪಿಯ ಕಟಕಟೆಯಲ್ಲಿ ಬಿಳಿ ಅಂಗಿ! ಹೆಗಲ ಮೇಲೆ ಅದೇ ಟವೆಲ್!

ಬೆರಳನ್ನು ಮೆಲ್ಲಗೆ ಜೇಬಿಗಿಳಿಸಿದೆ.

"ಕತ್ತಿ ಬೀಸಿದವರು ಇವರೇನಾ?" ಎಂದು ನ್ಯಾಯಾಧೀಶರೇ ಕೇಳಿದರು.

ಸರ್ಕಾರಿ ವಕೀಲರು 'ಹೌದು ಅನ್ರೀ' ಎಂಬಂತೆ ಕಣ್ಣರಳಿಸಿದರು. ಸಣ್ಣಪ್ಪ ಟವೆಲ್ಲಿನ ತುದಿಯನ್ನು ಹಿಂಡುತ್ತಿದ್ದ. ಒಂದು ವರ್ಷದಲ್ಲಿ ಮೊದಲ ಸಲ ಆ ಸಂಜೆಯನ್ನು ನೆಟ್ಟಗೆ ನೆನೆದೆ. ಕತ್ತಿ ಕಂಡಿತು. ಮೂಟೆ ಕಂಡಿತು. ಮುಖ? ಮುಖವೇ ಇರಲಿಲ್ಲ!

"ಗೊತ್ತಿಲ್ಲ ಸ್ವಾಮಿ. ನಾನು ನೋಡಿದ್ದು ಕತ್ತಿಯನ್ನು ಮಾತ್ರ."

ಸರ್ಕಾರಿ ವಕೀಲರು ನನ್ನನ್ನು ಪ್ರತಿಕೂಲ ಸಾಕ್ಷಿ ಎಂದು ಘೋಷಿಸಬೇಕೆಂದು ಕೋರಿ, ಕಳ್ಳನಿಗಿಂತ ಹೆಚ್ಚಾಗಿ ನನ್ನನ್ನೇ ವಿಚಾರಿಸಿಕೊಂಡರು. ಸಣ್ಣಪ್ಪ ತುಟಿ ಬಿಚ್ಚಲಿಲ್ಲ. ಬಿಚ್ಚಬೇಕಾಗಿಯೂ ಇರಲಿಲ್ಲವಂತೆ, ಅಪರಾಧ ಸಾಬೀತು ಮಾಡುವ ಹೊರೆ ಸರ್ಕಾರದ ಕಡೆಯದು. ಆ ಹೊರೆಯನ್ನು ಹೊತ್ತಿದ್ದವನು ನಾನು. ಗೊನೆಯಂತೆ ಅದನ್ನೂ ಕೆಳಗೆ ಹಾಕಿದ್ದೆ!

ಸಂಜೆ ಬಸ್ಸಿನಲ್ಲಿ ಮತ್ತೆ ಅದೇ ಟವೆಲ್. ಮುಖ ಮುಚ್ಚಿಕೊಂಡು ಹಿಂದಕ್ಕೆ ಜಾರಿದೆ.

"ಇಲ್ಲೇ ಬನ್ನಿ ಸಾರ್! ಈಗಾದ್ರೂ ನನ್ ಗುರ್ತು ಸಿಕ್ತಲ್ಲ!"

ಇಡೀ ಬಸ್ಸು ನಕ್ಕಿತು.

ಒಂದು ಶುಕ್ರವಾರ ತೀರ್ಪು ಬಂತು. ಸಂಶಯದ ಲಾಭ ಆರೋಪಿಗೆ; ಸಣ್ಣಪ್ಪ ಬಿಡುಗಡೆ. ಆ ರಾತ್ರಿ ನಾನು ಹೊದ್ದು ಮಲಗಲು ಹೊರಟಾಗ ಸರೋಜ ಕೇಳಿದಳು, "ನಿಜವಾದ ಕಳ್ಳ ಇನ್ನೂ ಹೊರಗೇ ಅವ್ನಲ್ರೀ, ನಿಮಗೆ ಹೆದರಿಕೆ ಆಗಲ್ವಾ?"

"ನನ್ನ ಕಂಡರೆ ಅವನು ಯಾಕೆ ಕತ್ತಿ ಎತ್ತುತ್ತಾನೆ?" ಎಂದೆ. "ಈ ಮೇಷ್ಟರು ಯಾರನ್ನೂ ಗುರುತಿಸಲಾರರು ಅಂತ ಕೋರ್ಟೇ ಹೇಳಿಬಿಟ್ಟಿದೆ!"

ಬೆಳಗಿನವರೆಗೂ ಗೊರಕೆ ಹೊಡೆದೆನಂತೆ. ಅದಕ್ಕೆ ಪ್ರತ್ಯಕ್ಷ ಸಾಕ್ಷಿ ಸರೋಜ. ಅವಳ ಸಾಕ್ಷ್ಯವನ್ನು ಅಲ್ಲಗಳೆಯಲು ನನ್ನಿಂದ ಇನ್ನೂ ಆಗಿಲ್ಲ.