ಟಗರಿಗೆ ಕೊಟ್ಟ ಕರೆಂಟು

"ಈಕೆ ಕೈಯಾಗೆ ಕುರಿ ಉಳಿಯಲ್ಲ ಬಿಡ್ರಿ" ಎಂದವರು ನಮ್ಮ ಭಾವ, ನನ್ನ ಗಂಡನ ಅಣ್ಣ. ಮನೆ ಪಾಲಾದಾಗ ನನಗೆ ಬಂದದ್ದು ಒಂದು ಕುಂಟುಕುರಿ. ಅದರಿಂದಲೇ ಹಿಂಡು ಕಟ್ಟಿದೆ. ಬೆಲ್ಲ ಕಟ್ಟಿಕೊಟ್ಟ ಪೇಪರಿನಲ್ಲಿ ಓದು ಕಲಿತೆ. ಹಟ ಹಿಡಿದವಳ ಸುತ್ತ ನಗುವಂಥ ಸಂಗತಿಗಳು ನಡೆಯುತ್ತಲೇ ಇರುತ್ತವೆ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಚಳ್ಳಕೆರೆಗೆ ಒಬ್ಬ ಸಂಶೋಧಕ ಡಾಕ್ಟರು ಬಂದರು. ಕುರಿ ಸಿಡುಬಿಗೆ ಹೊಸ ಪ್ರಯೋಗ. ಚರ್ಮದೊಳಗೆ ಜೀನಿನ ಮದ್ದು ಬಿಟ್ಟು, ಕ್ಷಣಮಾತ್ರ ಕರೆಂಟು ಕೊಟ್ಟರೆ ಜೀವಕೋಶಗಳ ಬಾಗಿಲು ತೆರೆದು ಮದ್ದು ಒಳಗೆ ಹೋಗುತ್ತದಂತೆ. ಯಾರೂ ಕುರಿ ಕೊಡಲಿಲ್ಲ. ಸಿಡುಬಿಗೆ ಅರ್ಧ ಹಿಂಡು ಕಳೆದುಕೊಂಡಿದ್ದ ನಾನು, ಕೈತುತ್ತು ಕೊಟ್ಟು ಸಾಕಿದ ಟಗರನ್ನೇ ಕೊಟ್ಟೆ.

"ಅದು ಸತ್ರೆ ನನ್ನ ಮಾತು ನಿಜ ಆತಲ್ಲ" ಎಂದರು ಭಾವ.

೧. ಅಂಗೈಯಗಲ

"ಅಂಗೈಯಗಲ ಉಣ್ಣೆ ತೆಗೆಸಿಡಿ" ಎಂದು ಡಾಕ್ಟರು ಹೇಳಿಹೋದರು. ಕತ್ತರಿ ಹಿಡಿದವರು ಭಾವ. ಅರ್ಧ ಉಣ್ಣೆ ಕತ್ತರಿಸಿದ ಕುರಿಯನ್ನು ನಮ್ಮಲ್ಲಿ ಹಿಂಡಿಗೆ ಬಿಡುವುದಿಲ್ಲ, ಕೆಡುಕು ಅಂತ. ಕೊಂಬಿನ ಬುಡದಿಂದ ಬಾಲದವರೆಗೆ ನುಣ್ಣಗೆ ಬೋಳಿಸಿಬಿಟ್ಟರು. ಮರುದಿನ ಡಾಕ್ಟರು ಅತ್ತಿತ್ತ ನೋಡಿದರು: "ಮೇಕೆ ಯಾಕಮ್ಮ ತಂದ್ರಿ? ಟಗರೆಲ್ಲಿ?"

೨. ಮೊಣಕಾಲು

ಯಂತ್ರ ಕಂಡದ್ದೇ ಭಾವ ಪಂಚೆ ಎತ್ತಿ ಕೂತರು. "ನನ್ನ ನೋಯೋ ಮೊಣಕಾಲಿಗೂ ಒಂದೀಟು ಕರೆಂಟು ಇಡ್ರಿ."

"ಇದು ಕುರಿ ಮದ್ದು ಯಜಮಾನ್ರೇ."

"ಮೊಣಕಾಲಿಗೆ ಅದೇನ್ ಗೊತ್ತಾಗ್ತೈತೆ? ನೀವು ಹೇಳ್ಬ್ಯಾಡ್ರಿ, ಸುಮ್ನೆ ಇಡ್ರಿ!"

೩. ಕೊಂಬು

ಕೊಂಬು ಹಿಡಿಯಲೂ ಭಾವನೇ ಮುಂದಾದರು. ಡಾಕ್ಟರು ಗುಂಡಿ ಒತ್ತಿದರು. ಟಗರು ಒಮ್ಮೆ ಅದುರಿ, ನನ್ನನ್ನು ಕೆಕ್ಕರಿಸಿ ನೋಡಿ, ಮೆಲುಕು ಹಾಕತೊಡಗಿತು. ಕಿರುಚಿ ಬಿದ್ದವರು ಭಾವ! "ನಿಮಗೆ ಕರೆಂಟು ತಾಗಿಲ್ಲ" ಎಂದು ಡಾಕ್ಟರು ಎಷ್ಟು ಹೇಳಿದರೂ ನಂಬಲಿಲ್ಲ.

"ಜೀನು ಅಂದ್ರೇನಮ್ಮ?" ಎಂದು ನನ್ನನ್ನು ಕೇಳಿದರು.

"ತಲೆಮಾರಿಂದ ಇಳಿದು ಬರೋ ಗುಣ, ಭಾವ."

ಅಷ್ಟೇ ಸಾಕಾಯಿತು. ಕುರಿಯ ಗುಣ ತಮ್ಮ ಮೈಗೆ ಇಳಿಯಿತೆಂದು ದಿನಾ ಅಂಗಿ ಬಿಚ್ಚಿ ಹೆಂಡತಿಗೆ ಬೆನ್ನು ತೋರಿಸತೊಡಗಿದರು: "ಉಣ್ಣೆ ಬಂದೈತಾ ನೋಡೇ."

ಆ ವರ್ಷ ಊರಿಗೆ ಮತ್ತೆ ಸಿಡುಬು ಬಂತು. ಮದ್ದಿನಿಂದಲೋ ಹಣೆಬರಹದಿಂದಲೋ, ಟಗರು ಉಳಿಯಿತು. ಭಾವನ ಮಾತು ಸುಳ್ಳಾಯಿತು. ಡಾಕ್ಟರು ನೋಡಲು ಬಂದಾಗ ಭಾವನ ಹೆಂಡತಿ ಕೈಮುಗಿದು ನಿಂತಳು: "ಅವತ್ತಿಂದ ಇವ್ರು ಬಾ ಅಂದ್ರೆ ಬರ್ತಾರೆ, ಕೂಡು ಅಂದ್ರೆ ಕೂಡ್ತಾರೆ. ಇನ್ನೊಂದು ಸಲ ಇಡ್ರಿ ಸಾರ್, ಇಳಿದುಗಿಳಿದು ಹೋದೀತು!"

ಈಗ ಮೊಳಕಾಲ್ಮೂರು ರಸ್ತೆ ಪಕ್ಕದಲ್ಲಿ ನನ್ನದೇ ಕಲ್ಲಿನ ದೊಡ್ಡಿ ಇದೆ, ದೊಡ್ಡಿ ತುಂಬ ಕುರಿಗಳಿವೆ. ಆ ಪ್ರಯೋಗದಲ್ಲಿ ಕಳೆದುಕೊಂಡದ್ದು ಒಂದೇ. ಆ ಟಗರು ಸಾಯುವವರೆಗೂ ನನ್ನ ಕೈಯಿಂದ ಮೇವು ತಿನ್ನಲಿಲ್ಲ.

ಭಾವನ ಕೈಯಿಂದ ತಿನ್ನುತ್ತಿತ್ತು.